ನಮ್ಮ ಸೀಮೆಯ ಜನಪದ ಕಥೆಗಳೂ ದೈವಭಕ್ತಿಯೂ

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸೀಮೆಯ ಚರಿತ್ರೆಯ ಬಗ್ಗೆ ನಾಲ್ಕು ಮಾತು ಬರೆಯಲು ಹೊರಟರೆ, ದೇವರ ವಿಚಾರ ಬಿಟ್ಟು ಬರೆಯಲು ಆಗುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಶಾಸನವಿರುವ ದೊಡ್ಡ ಗುಡಿಗಳು ಕೆಲವೇ. ಹೊಲದ ಬದುವಿನ ಮುನೇಶ್ವರ, ಊರಮುಂದಿನ ಮಾರಮ್ಮ, ಕೆರೆ ಏರಿಯ ಮೇಲಿನ ಅಮ್ಮ ಇವರೇ ಹೆಚ್ಚು. ಇವರ ಪುರಾಣವನ್ನು ಯಾರೂ ಓಲೆಗರಿಯಲ್ಲಿ ಬರೆದಿಟ್ಟಿಲ್ಲ. ಅದು ನಮ್ಮ ಅಜ್ಜಿಯರ ಬಾಯಲ್ಲಿ, ನೀಲಗಾರರ ತಂಬೂರಿಯಲ್ಲಿ ಉಳಿದು ಬಂದಿದೆ.

ಮೊದಲಿಗೆ ಬೆಟ್ಟ ಹೊಳೆಗಳನ್ನೇ ನೋಡಿ. ರಾಮದೇವರ ಬೆಟ್ಟದಲ್ಲಿ ಶ್ರೀರಾಮ ವನವಾಸದ ಕಾಲಕ್ಕೆ ತಂಗಿದ್ದನಂತೆ. ಸೀತಮ್ಮ ಕಾವೇರಿಯಲ್ಲಿ ಕಳಕೊಂಡ ಮುತ್ತನ್ನು ಆಂಜನೇಯ ಬಾಲದಿಂದ ಎತ್ತಿಕೊಟ್ಟನಂತೆ, ಅದಕ್ಕೇ ಅವನು ಮುತ್ತೆತ್ತರಾಯ, ಸ್ಥಳ ಮುತ್ತತ್ತಿ. ಹುಲಿಗೆ ಹೆದರಿದ ಮೇಕೆ ಹೊಳೆ ಹಾರಿದ್ದರಿಂದ ಮೇಕೆದಾಟು. ದೂರದ ಅಯೋಧ್ಯೆಯ ದೇವರನ್ನು ನಮ್ಮೂರ ಬಂಡೆಯ ಮೇಲೆ ತಂದು ಕೂರಿಸಿದ್ದು ಇಂಥ ಕಥೆಗಳು. ನಮ್ಮವನು ಅನ್ನಿಸಿದ ಮೇಲೆ ತಾನೆ ಭಕ್ತಿ!

ಇನ್ನು ಚರಿತ್ರೆ ನೆನೆಯುವುದೇ ಒಂದು, ಜನ ನೆನೆಯುವುದೇ ಇನ್ನೊಂದು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ ಚರಿತ್ರೆಯ ಪುಸ್ತಕದಲ್ಲಿ ಸೆರೆಮನೆ. 1734ರಲ್ಲಿ ಪಟ್ಟದಿಂದ ಇಳಿಸಿದ ಮೈಸೂರಿನ ಚಾಮರಾಜ ಒಡೆಯರನ್ನು ಅಲ್ಲಿಗೇ ಸೆರೆಗೆ ಕಳಿಸಿದ್ದರು. ಆದರೆ ಬೆಟ್ಟದ ಬುಡಕ್ಕೆ ಹರಕೆ ಹೊತ್ತು ಬರುವ ಹೆಣ್ಣುಮಕ್ಕಳನ್ನು ಕೇಳಿ, ಅವರಿಗೆ ಅದು ಕಬ್ಬಾಳಮ್ಮನ ತವರು. ದೊರೆಗಳ ಸೆರೆಮನೆ ಮರೆತುಹೋಯಿತು, ತಾಯಿ ಉಳಿದಳು.

ಕೆಂಪೇಗೌಡರ ವಿಷಯವೂ ಹೀಗೇ. ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂದು ವಿದ್ವಾಂಸರು ಗುರುತಿಸಿದ್ದು 2015ರಲ್ಲಿ. ಅದುವರೆಗೆ ಹೊರಗಿನ ಪ್ರಪಂಚಕ್ಕೆ ಅದರ ಗುರುತೇ ಇರಲಿಲ್ಲ. ಆದರೆ ಕೋಟೆಯ ಬಾಗಿಲು ನಿಲ್ಲಲೆಂದು ಬಸುರಿ ಹೆಂಗಸು ತನ್ನನ್ನೇ ಬಲಿಕೊಟ್ಟಳೆಂಬ ಸೊಸೆ ಲಕ್ಷ್ಮೀದೇವಿಯ ಕಥೆಯನ್ನು ಜನ ಎಂದೂ ಮರೆಯಲಿಲ್ಲ. ಕೋರಮಂಗಲದಲ್ಲಿ ಆಕೆಗೆ ಗುಡಿಯೂ ಇದೆ. ಇದಕ್ಕೆ ಶಾಸನದ ಸಾಕ್ಷಿ ಎಲ್ಲಿ ಅಂತ ಕೇಳಬಹುದು. ಆದರೆ ಕೋಟೆ ಕಟ್ಟಿದ ಹಿರಿಮೆ ಗಂಡಸಿಗೆ ಸಂದರೂ ಅದರ ಬೆಲೆ ತೆತ್ತವಳು ಹೆಣ್ಣು ಎಂಬ ತೀರ್ಮಾನ ಜನರದು. ಕೈಮುಗಿಯುವುದು ಆ ತೀರ್ಮಾನಕ್ಕೆ.

ಇದನ್ನೆಲ್ಲ ಮೀರಿಸಿದ್ದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪರಂಪರೆ. ಕನಕಪುರದಿಂದ ಸಾತನೂರು ದಾಟಿ ಮಳವಳ್ಳಿ ರಸ್ತೆ ಹಿಡಿದರೆ ಹಲಗೂರು ಸಿಗುತ್ತದೆ. ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿಯೇ ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾದವನು. ಗುರುವಿನ ಅಪ್ಪಣೆಯಂತೆ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಬಂದಾಗ ಸ್ವಂತ ಕುಲದವರೇ ಅವನನ್ನು ಹೀಯಾಳಿಸಿ, ವಿಷವಿಟ್ಟು ಪರೀಕ್ಷೆ ಮಾಡಿದರೆಂದು ಕಥೆ. ಕೊನೆಗೆ ಗೆದ್ದು ಚಿಕ್ಕಲ್ಲೂರಿನಲ್ಲಿ ನೆಲೆಯಾದ. ಬನದ ಹುಣ್ಣಿಮೆಗೆ ಅಲ್ಲಿ ಚಂದ್ರಮಂಡಲ ಉರಿಸಿ ಐದು ದಿನ ಜಾತ್ರೆ ನಡೆಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆಯವರು ಅಲ್ಲಿಯ ಒಕ್ಕಲು.

ಈ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನು ಕಾಣುತ್ತಾನೆ. ಬಸವಣ್ಣನವರು 12ನೇ ಶತಮಾನದವರು, ಮಂಟೇಸ್ವಾಮಿಯನ್ನು ವಿದ್ವಾಂಸರು ಇಡುವುದು ಬಹಳ ಈಚೆಗೆ. ಇವರಿಬ್ಬರೂ ಹೇಗೆ ಕಂಡಾರು ಎಂದರೆ, ಕಥೆ ಇಸವಿ ಹೇಳಲು ಹುಟ್ಟಿದ್ದಲ್ಲ. ಗುರು ಹೊಲಸು ಮೈಯವನಾಗಿ ಬಂದು ನಿಂತರೆ ಶರಣರೆನಿಸಿಕೊಂಡವರು ಒಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದು ಅದರ ಪ್ರಶ್ನೆ. ಆ ಪ್ರಶ್ನೆ ಇವತ್ತಿಗೂ ನಮ್ಮ ಊರಬಾಗಿಲಲ್ಲೇ ನಿಂತಿದೆ.

ಜಾತ್ರೆಯ ಪಂಕ್ತಿಸೇವೆಯನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. 1959ರ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಚಿಕ್ಕಲ್ಲೂರಿನಲ್ಲಿ ವಿವಾದ ಎದ್ದಿದೆ. ಇದು ದೇವರಿಗೆ ಕೊಡುವ ಬಲಿಯಲ್ಲ, ಬಿಡಾರದಲ್ಲಿ ಬೇಯಿಸಿ ಜಾತಿ ನೋಡದೆ ಒಂದೇ ಸಾಲಲ್ಲಿ ಕೂತು ಉಣ್ಣುವ ಸೇವೆ ಎನ್ನುವುದು ಒಕ್ಕಲಿನವರ ಮಾತು. ಕಾನೂನಿಗೆ ಎಲ್ಲರೂ ತಲೆಬಾಗಬೇಕು, ಸರಿ. ಆದರೆ ಕಥೆ ತಿಳಿಯದೆ ನಡೆವಳಿಯನ್ನು ಹಳಿಯುವುದೂ ತಪ್ಪು, ಕಥೆ ಮರೆತು ಬರೀ ಊಟ ಮಾಡಿ ಬರುವುದೂ ತಪ್ಪು. ಸಾಲಾಗಿ ಕೂರುವುದು ಅದರ ಸಾರ.

ಹೀಗಿರುವಾಗ ನನ್ನ ಆತಂಕ ಇಷ್ಟೇ. ಹಬ್ಬಗಳಿಗೆ ಇಂದು ಕೊರತೆಯಿಲ್ಲ. ಕೊಂಡ, ಕರಗ, ಪೂಜಾಕುಣಿತ ಎಲ್ಲವೂ ದೀಪಾಲಂಕಾರ, ಧ್ವನಿವರ್ಧಕಗಳೊಡನೆ ಜೋರಾಗಿಯೇ ನಡೆಯುತ್ತವೆ. ರಾತ್ರಿಯಿಡೀ ಕೂತು ಕಥೆ ಕೇಳುವ ತಾಳ್ಮೆ ಮಾತ್ರ ಕಡಿಮೆಯಾಗಿದೆ. ಕಥೆ ಹೋದ ಮೇಲೆ ಭಕ್ತಿಯಲ್ಲಿ ಉಳಿಯುವುದು ಹರಕೆ ಮತ್ತು ಹೆದರಿಕೆ ಎರಡೇ. ದೇವರು ಯಾಕೆ ದೊಡ್ಡವನಾದ ಎಂಬ ಮಾತೇ ಮರೆತುಹೋಗುತ್ತದೆ.

ನಾಡೋಜ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿಯೇ ಜಾನಪದ ಲೋಕ ತೆರೆದರು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ಆದರೆ ನಮ್ಮೂರ ದೇವತೆಯ ಕಥೆ ಬಲ್ಲ ಹಿರಿಯರನ್ನು ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳುವುದು ನಮ್ಮಿಂದ ಆಗುತ್ತದೆ. ಸಂಘದ ಲೆಕ್ಕಪುಸ್ತಕವನ್ನು ಇಪ್ಪತ್ತೈದು ವರ್ಷ ಜೋಪಾನ ಮಾಡಿದವರಿಗೆ ಈ ಪುಸ್ತಕ ಭಾರವಾಗಲಾರದು. ಸದಸ್ಯ ಬಂಧುಗಳು ಮನಸ್ಸು ಮಾಡಲಿ ಎಂದು ಪ್ರಾರ್ಥಿಸುತ್ತೇನೆ.