ಕಾಡ್‌ಮನ್ನನ ಕಾರ್ಡು

ಮೂಳೆಯ ಕ್ಯಾನ್ಸರ್ ಬಂದವರು ಎಷ್ಟು ಕಾಲ ಬದುಕಿಯಾರು ಎಂದು ಜೀನ್ ನೋಡಿ ಹೇಳುವ ವಿದ್ಯೆಯ ಕಥೆಯನ್ನು ಈಗಿನ ಹುಡುಗರು ಯಂತ್ರದಿಂದ ಶುರುಮಾಡುತ್ತಾರೆ. ಪೆಥಾಲಜಿ ಲ್ಯಾಬಿನಲ್ಲಿ ಮೂಳೆ ಕೊಯ್ಯುತ್ತಲೇ ತಲೆ ನರೆತ ನಾನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್‌ನಿಂದ ಶುರುಮಾಡುತ್ತೇನೆ.

ಈ ಸರ್ಜನ್ ಮಹಾ ಹಠಮಾರಿ. ಆಪರೇಷನ್ ಆದ ಪ್ರತಿಯೊಬ್ಬರ ಹೆಸರಿಗೂ ಒಂದು ಕಾರ್ಡು ಇಡಿ, ವರ್ಷ ಕಳೆದ ಮೇಲೆ ಹೇಗಿದ್ದಾರೆಂದು ವಿಚಾರಿಸಿ ಬರೆಯಿರಿ ಎಂದ. ಹೀಗೆ ಲೆಕ್ಕ ಕೇಳಿದರೆ ಯಾವ ಡಾಕ್ಟರಿಗೆ ತಾನೇ ಹಿಡಿಸೀತು? 1915ರಲ್ಲಿ, ಲೆಕ್ಕ ಕೇಳದೆ ಡಾಕ್ಟರರಿಗೆ ದುಡ್ಡು ಸುರಿಯುವ ಜನರನ್ನು ಅಣಕಿಸಿ, ಮರಳಿನಲ್ಲಿ ತಲೆ ಹುದುಗಿಸಿ ಚಿನ್ನದ ಮೊಟ್ಟೆ ಒದೆಯುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರವನ್ನು ತುಂಬಿದ ಸಭೆಯಲ್ಲಿ ಬಿಚ್ಚಿಟ್ಟು, ಸಹೋದ್ಯೋಗಿಗಳಿಗೆಲ್ಲ ಬೇಡವಾದ. 1920ರ ಸುಮಾರಿಗೆ ಅವನೇ ಮೂಳೆ ಸಾರ್ಕೋಮಾದ ದಫ್ತರ ತೆರೆದ. ಊರೂರಿನ ಸರ್ಜನ್‌ಗಳಿಂದ ಎಕ್ಸ್‌ರೇ, ಸ್ಲೈಡು ತರಿಸಿಕೊಂಡು, ಯಾರು ಉಳಿದರು, ಯಾರು ಹೋದರು ಎಂಬುದನ್ನೂ ಬರೆದಿಟ್ಟ.

ಉಳಿದವರು ಕಡಿಮೆ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಬಂದ ಕಾಲನ್ನು ಕತ್ತರಿಸಿ ತೆಗೆದರೂ ಐವರಲ್ಲಿ ನಾಲ್ವರು ಸಾಯುತ್ತಿದ್ದರು. ಗಡ್ಡೆ ಅಷ್ಟರಲ್ಲಾಗಲೇ ಶ್ವಾಸಕೋಶಕ್ಕೆ ದಾಟಿರುತ್ತಿತ್ತು. 1970ರ ದಶಕದಲ್ಲಿ ಕೀಮೋ ಬಂತು. ನ್ಯೂಯಾರ್ಕಿನಲ್ಲಿ ಜೆರಾಲ್ಡ್ ರೋಸೆನ್ ಆಪರೇಷನ್ನಿಗೆ ಮೊದಲೇ ಔಷಧಿ ಕೊಡತೊಡಗಿದ. ತೆಗೆದ ಮೂಳೆಯಲ್ಲಿ ಎಷ್ಟು ಗಡ್ಡೆ ಸತ್ತಿದೆಯೆಂದು ಆಂಡ್ರ್ಯೂ ಹ್ಯೂವೋಸ್ ಅಳೆದ. ಶೇ. 90 ಸತ್ತಿದ್ದರೆ ಒಳ್ಳೆಯ ಸೂಚನೆ.

ನಮ್ಮ ಕಸುಬು ಅಲ್ಲೇ. ಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ನಡುವಿನ ಹೋಳು ತೆಗೆದು, ಅದರ ನಕ್ಷೆ ಬರೆದು, ಚೌಕಕ್ಕೊಂದು ನಂಬರು ಕೊಟ್ಟು, ಆಸಿಡ್ಡಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು. ಸುಣ್ಣ ಕರಗಿ ಮೆತ್ತಗಾದ ಮೇಲಷ್ಟೇ ಬ್ಲೇಡು ಇಳಿಯುತ್ತದೆ. ಉತ್ತರವೇನೋ ಸಿಗುತ್ತದೆ, ಆದರೆ ರೋಗಿ ಆಗಲೇ ವಾರಗಟ್ಟಲೆ ಔಷಧಿ ತೆಗೆದುಕೊಂಡಾಗಿರುತ್ತದೆ.

ಮೊದಲ ಬಯಾಪ್ಸಿಯಲ್ಲೇ ತಿಳಿಯುವ ದಾರಿ ತೋರಿಸಿದ್ದು 1995ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಮೈಕ್ರೊಅರೇ. ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಅದರ ಆರ್‌ಎನ್‌ಎ ಪ್ರಮಾಣದಿಂದ ಅಳೆಯುವುದು ಇದರ ಕ್ರಮ. ತೊಡಕೆಂದರೆ ನಮ್ಮ ಆಸಿಡ್ಡು: ಅದು ಆರ್‌ಎನ್‌ಎಯನ್ನೇ ತಿಂದುಹಾಕುತ್ತದೆ. ಅದಕ್ಕೇ ಒಂದು ಚೂರನ್ನು ಮೊದಲೇ ಎತ್ತಿ ದ್ರವ ನೈಟ್ರೋಜನ್ನಿಗೆ ಹಾಕುವ ಹೊಸ ಪಾಠ ನಮಗೆ.

2005ರಲ್ಲಿ ಹ್ಯೂಸ್ಟನ್ನಿನ ಸಂಶೋಧಕರು ಔಷಧಿಗೆ ಬಗ್ಗುವ ಗಡ್ಡೆ ಯಾವುದು, ಬಗ್ಗದ್ದು ಯಾವುದು ಎಂದು ತಿಳಿಸುವ 45 ಜೀನ್‌ಗಳನ್ನು ಹೆಸರಿಸಿದರು. ನನಗೆ ಹೆಚ್ಚು ಹಿಡಿಸಿದ್ದು 2011ರ ಲೈಡನ್ ಅಧ್ಯಯನ. ಐದು ವರ್ಷದೊಳಗೆ ರೋಗ ಹಬ್ಬಿದವರ ಬಯಾಪ್ಸಿಯನ್ನು ಹಬ್ಬದವರದರ ಪಕ್ಕಕ್ಕಿಟ್ಟು ನೋಡಿದರು. ಹಬ್ಬದವರಲ್ಲಿ ಜೋರಾಗಿದ್ದ ಜೀನ್‌ಗಳಲ್ಲಿ ಬಹಳಷ್ಟು ಕ್ಯಾನ್ಸರ್ ಕೋಶಗಳವೇ ಅಲ್ಲ, ಗಡ್ಡೆಯೊಳಕ್ಕೆ ನುಗ್ಗಿದ್ದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳವು. ಯಾರಿಗೆ ಹಬ್ಬಿತು, ಯಾರಿಗಿಲ್ಲ ಎಂಬ ಆ ಐದು ವರ್ಷದ ಲೆಕ್ಕವನ್ನು ಕೊಟ್ಟದ್ದು ಮೈಕ್ರೊಅರೇ ಅಲ್ಲ; ಕಾರ್ಡು ಬರೆಯುವವರು.