ಆರು ತಾಸಿನ ನಂತರದ ಅರವತ್ತು ವರ್ಷ

ಆಗಸ್ಟ್ ಮೊದಲ ವಾರ ಬಂತೆಂದರೆ ಡೆಸ್ಕಿನಿಂದ ನಮಗೊಂದು ಫೋನು ಖಾಯಂ. ‘ನಿಮ್ಮ ಕಡೆ ಮಾಜಿ ಸೈನಿಕರು ಯಾರಾದರೂ ಇದ್ದರೆ ಒಂದು ಬಾಕ್ಸ್ ಮಾಡಿ ಕಳಿಸಿ, ಫೋಟೋ ಚೆನ್ನಾಗಿರಲಿ.’ ನಾವು ಬೈಕು ಹತ್ತುತ್ತೇವೆ. ಯಜಮಾನರು ಟ್ರಂಕಿನಿಂದ ಕೋಟು ತೆಗೆದು, ಪದಕ ಸಿಕ್ಕಿಸಿಕೊಂಡು, ಬೆಳಕಿರುವ ಕಡೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಯಾವ ಯುದ್ಧ, ಯಾವ ಗಡಿ, ಗುಂಡು ಎಲ್ಲಿಗೆ ತಾಗಿತು? ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಚಹಾ ಕುಡಿದು ಎದ್ದು ಬರುತ್ತೇವೆ.

ನಮ್ಮ ತಾಲ್ಲೂಕಿನ ಒಬ್ಬ ಹಿರಿಯರ ಬಗ್ಗೆ ಹೀಗೆ ಮೂರು ವರ್ಷ ಬರೆದಿದ್ದೆವು. ಅವರು ತೀರಿಕೊಂಡ ದಿನ ಸುದ್ದಿ ಕಳಿಸಲು ಕೂತು ಹಳೆಯ ನೋಟ್‌ಬುಕ್ ತಿರುವಿದರೆ ಅದರಲ್ಲಿ ರೆಜಿಮೆಂಟಿನ ಹೆಸರಿತ್ತು, ಹೆಂಡತಿಯ ಹೆಸರಿರಲಿಲ್ಲ. ಮಕ್ಕಳೆಷ್ಟು, ಪಿಂಚಣಿ ಎಷ್ಟು, ಸೈನ್ಯ ಬಿಟ್ಟು ಬಂದ ಮೇಲೆ ನಲವತ್ತು ವರ್ಷ ಏನು ಮಾಡಿದರು ಎಂಬುದೂ ಇರಲಿಲ್ಲ. ಮೂರು ಸಲ ಹೋಗಿ ಒಂದೇ ಪ್ರಶ್ನೆ ಕೇಳಿ ಬಂದಿದ್ದೆವು.

ಆ ಮುಜುಗರದಲ್ಲೇ ನಾವು ಉಮ್ರಾವ್ ಸಿಂಗ್ ಅವರ ಬದುಕನ್ನು ಹುಡುಕಿ ಓದಿದ್ದು. ಹೆಸರು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಂದಿನ ಹರಿಯಾಣದ ಝಜ್ಜರ್ ಜಿಲ್ಲೆಯ ಪಲ್ರಾ ಎಂಬ ಹಳ್ಳಿಯವರು, 1920ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧ ಶುರುವಾದ ಎರಡೇ ತಿಂಗಳಿಗೆ, 1939ರ ನವೆಂಬರಿನಲ್ಲಿ ಫಿರಂಗಿ ದಳ ಸೇರಿದರು. ಆ ಯುದ್ಧಕ್ಕೆ ಅವಿಭಜಿತ ಭಾರತದಿಂದ ಹೋದವರು ಸುಮಾರು 25 ಲಕ್ಷ ಮಂದಿ. ಬಹುಪಾಲು ಹಳ್ಳಿಯ ರೈತರ ಮಕ್ಕಳು.

1944ರ ಡಿಸೆಂಬರ್ ಹೊತ್ತಿಗೆ ಉಮ್ರಾವ್ ಸಿಂಗ್ ಹವಾಲ್ದಾರರಾಗಿದ್ದರು. ಬರ್ಮಾದ ಅರಾಕಾನ್ ಪ್ರಾಂತ್ಯದ ಕಲಾದಾನ್ ನದಿ ಕಣಿವೆ. ಇವರದು 33ನೇ ಮೌಂಟನ್ ಬ್ಯಾಟರಿ. ಬಿಡಿಬಿಡಿಯಾಗಿ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗಬಹುದಾದ ಗುಡ್ಡಗಾಡಿನ ತೋಪುಗಳು ಇವರ ಕೈಲಿದ್ದವು. ಇವರು ಬೆಂಬಲಕ್ಕೆ ನಿಂತಿದ್ದು ಪಶ್ಚಿಮ ಆಫ್ರಿಕಾದ 81ನೇ ಡಿವಿಷನ್ನಿಗೆ. ರಸ್ತೆಯೇ ಇಲ್ಲದ ಕಾಡಿನಲ್ಲಿ ಆ ಡಿವಿಷನ್ನಿನ ಸಾಮಾನು ಆಫ್ರಿಕಾದ ಹುಡುಗರ ತಲೆಯ ಮೇಲೆ ಸಾಗುತ್ತಿತ್ತು. ಇಂದಿನ ಘಾನಾದ ಪದಾತಿಗಳಿಗಾಗಿ ಹರಿಯಾಣದ ರೈತನ ಮಗ ಬರ್ಮಾದಲ್ಲಿ ಜಪಾನಿಯರ ಮೇಲೆ ಗುಂಡು ಹಾರಿಸುತ್ತಿದ್ದ. ಎಲ್ಲ ಯಾರ ಸಾಮ್ರಾಜ್ಯಕ್ಕಾಗಿ ಎಂದು ಕೇಳಿದರೆ ಉತ್ತರ ನಮಗೆಲ್ಲ ಗೊತ್ತೇ ಇದೆ. ನಮ್ಮ ಕೊಡಗಿನ ತಿಮ್ಮಯ್ಯನವರೂ ಇದೇ ಅರಾಕಾನಿನಲ್ಲಿ ಒಂದು ಬೆಟಾಲಿಯನ್ ನಡೆಸುತ್ತಿದ್ದರು. ಮರು ತಿಂಗಳೇ ಅವರು ಕಾಂಗಾವ್ ಕದನದಲ್ಲಿ ಇದ್ದರು.

ಡಿಸೆಂಬರ್ 15ರಿಂದ 16ರ ನಡುವೆ ನಡೆದದ್ದು ಇಷ್ಟು. ಮುಂಚೂಣಿಯಲ್ಲಿದ್ದ ಎರಡು ತೋಪುಗಳ ಮೇಲೆ ಜಪಾನಿಯರು ಒಂದೂವರೆ ತಾಸು ಷೆಲ್ಲು, ಮಾರ್ಟರ್ ಸುರಿದರು. ಆಮೇಲೆ ಎರಡು ಕಂಪನಿ ಸೈನಿಕರು ನುಗ್ಗಿದರು. ಮೊದಲ ದಾಳಿಯಲ್ಲೇ ಉಮ್ರಾವ್ ಸಿಂಗರಿಗೆ ಎರಡು ಸಲ ಗ್ರೆನೇಡ್ ಗಾಯವಾಯಿತು. ಎರಡನೇ ದಾಳಿಯಲ್ಲಿ ಐದು ಗಜದಷ್ಟು ಹತ್ತಿರ ಬಂದಿದ್ದವರ ಮೇಲೆ ತೋಪಿನ ತಡೆತಗಡಿನ ಮೇಲಿಂದ ತಾವೇ ಬ್ರೆನ್ ಗನ್ ಹಾರಿಸಿದರು. ಮೂರನೆಯದು, ನಾಲ್ಕನೆಯದು ಕೂಡ ಹಿಮ್ಮೆಟ್ಟಿದವು. ಅಷ್ಟರಲ್ಲಿ ಅವರ ತಂಡದಲ್ಲಿ ಗಾಯವಾಗದೆ, ಸಾಯದೆ ಉಳಿದವರು ಇಬ್ಬರೇ. ಪಕ್ಕದ ತೋಪು ಶತ್ರುವಿನ ಕೈಸೇರಿತ್ತು, ಗುಂಡು ಖಾಲಿಯಾಗಿತ್ತು. ಕೊನೆಯ ದಾಳಿ ಬಂದಾಗ ತೋಪನ್ನು ಎತ್ತಿ ಹೊರಲು ಬಳಸುವ ಸಲಾಕೆಯನ್ನೇ ಹಿಡಿದುಕೊಂಡು ನುಗ್ಗಿದರು. ಮೂವರನ್ನು ಬೀಳಿಸಿದ್ದನ್ನು ಕಂಡವರಿದ್ದಾರೆ. ಆಮೇಲೆ ಪೆಟ್ಟು ತಿಂದು ಎಚ್ಚರ ತಪ್ಪಿದರು.

ಆರು ತಾಸಿನ ನಂತರ ನಮ್ಮ ಕಡೆಯವರು ಆ ಜಾಗವನ್ನು ಮತ್ತೆ ಹಿಡಿದಾಗ ಅವರು ತೋಪಿನ ಪಕ್ಕದಲ್ಲೇ ಬಿದ್ದಿದ್ದರು. ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಮೈಮೇಲೆ ಏಳು ದೊಡ್ಡ ಗಾಯ. ಸುತ್ತ ಹತ್ತು ಜಪಾನಿ ಸೈನಿಕರ ಹೆಣ. ತೋಪು ಮಾತ್ರ ಸುಸ್ಥಿತಿಯಲ್ಲಿತ್ತು, ಅದೇ ದಿನ ಮತ್ತೆ ಕೆಲಸ ಶುರುಮಾಡಿತು.

ಆ ಹತ್ತು ಮಂದಿಯೂ ಯಾವುದೋ ಊರಿನ ಮಕ್ಕಳೇ. ಅವರ ಮನೆಗೆ ಹೋಗಿ ಫೋಟೋ ತೆಗೆಯುವವರು ಅಲ್ಲಿಯೂ ಇದ್ದಾರೇನೋ.

1945ರ ಅಕ್ಟೋಬರ್ 15ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆರನೇ ಜಾರ್ಜ್ ದೊರೆ ಅವರ ಎದೆಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿಸಿದರು. ಬ್ರಿಟಿಷರ ಸೈನ್ಯದಲ್ಲಿ ಶೌರ್ಯಕ್ಕೆ ಅದಕ್ಕಿಂತ ದೊಡ್ಡ ಪದಕವಿಲ್ಲ. ಇಡೀ ಮಹಾಯುದ್ಧದಲ್ಲಿ ಬ್ರಿಟಿಷ್ ಹಾಗೂ ಭಾರತೀಯ ಫಿರಂಗಿ ದಳಗಳೆರಡರಲ್ಲೂ ಅಧಿಕಾರಿಯಲ್ಲದೆ ಅದನ್ನು ಪಡೆದವರು ಇವರೊಬ್ಬರೇ. ವಯಸ್ಸು ಇನ್ನೂ 25ರ ಆಸುಪಾಸು.

ನಾವು ಬರೆಯುವ ಬಾಕ್ಸ್ ಇಲ್ಲಿಗೆ ಮುಗಿಯುತ್ತದೆ. ಡೆಸ್ಕಿಗೂ ಇಷ್ಟೇ ಸಾಕು. ಅವರ ಬದುಕು ಮಾತ್ರ ಇನ್ನೂ ಅರವತ್ತು ವರ್ಷ ನಡೆಯಿತು.

ಯುದ್ಧ ಮುಗಿದ ಮೇಲೆ 1946ರಲ್ಲಿ ಸೈನ್ಯ ಬಿಟ್ಟರು. ದೇಶ ಸ್ವತಂತ್ರವಾಯಿತು, ಎರಡಾಯಿತು. 1948ರಲ್ಲಿ ಮತ್ತೆ ಹೋಗಿ ಸೇರಿದರು, ಈ ಸಲ ಸ್ವತಂತ್ರ ಭಾರತದ ಸೈನ್ಯಕ್ಕೆ. ಸುಬೇದಾರ್ ಮೇಜರ್ ಹುದ್ದೆಯವರೆಗೆ ಏರಿದರು, ಗೌರವ ಕ್ಯಾಪ್ಟನ್ ಆದರು. ನಿವೃತ್ತರಾಗಿ ಊರಿಗೆ ಬಂದರೆ ಅಲ್ಲಿದ್ದದ್ದು ಮನೆತನದ ಎರಡು ಎಕರೆ. ನಮ್ಮ ಲೆಕ್ಕದಲ್ಲಿ ಎಂಬತ್ತು ಗುಂಟೆ. ಹೆಂಡತಿ ವಿಮ್ಲಾ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಎಂಬತ್ತು ಗುಂಟೆಯಲ್ಲಿ ಸಂಸಾರ ನಡೆಸುವುದು ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ ಪದ್ಮಭೂಷಣ ಕೊಟ್ಟಿತು. ಅದರೊಂದಿಗೆ ಜಮೀನೇನೂ ಬರುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಬರ್ಮಾದ ಅದೇ ಯುದ್ಧದಲ್ಲಿ ಎದುರು ಸಾಲಿನಲ್ಲಿ ಸುಭಾಷರ ಆಜಾದ್ ಹಿಂದ್ ಫೌಜ್ ಇತ್ತು. ಸ್ವಾತಂತ್ರ್ಯದ ಕಥೆಯಲ್ಲಿ ಅವರಿಗೆ ಜಾಗ ಸಿಕ್ಕಿತು, ಸಿಗಬೇಕಾದ್ದೇ. ಬ್ರಿಟಿಷರ ಸಂಬಳದಲ್ಲಿ ಹೋರಾಡಿದ 25 ಲಕ್ಷ ಜನರನ್ನು ಎಲ್ಲಿ ಕೂರಿಸಬೇಕೆಂದು ಮಾತ್ರ ನಮ್ಮ ಪಠ್ಯಪುಸ್ತಕಗಳಿಗೆ ತಿಳಿಯಲಿಲ್ಲ. ನಾವು ಶಾಲೆಯಲ್ಲಿ ಓದಿದ್ದು ಅವರ ಬಗ್ಗೆ ಒಂದೋ ಎರಡೋ ಸಾಲು. ಲಂಡನ್ನಿನಲ್ಲಿ ಅವರು ಪರದೇಶದವರು, ಇಲ್ಲಿ ಪರರ ಸೈನಿಕರು. ಉಮ್ರಾವ್ ಸಿಂಗರಂಥವರು ಈ ಎರಡರ ನಡುವೆ ತಮ್ಮ ಹೊಲದಲ್ಲಿ ನಿಂತಿದ್ದರು.

ಪದಕ ಕೊಳ್ಳಲು ಬಂದವರಿದ್ದರು. ಹರಾಜಿನಲ್ಲಿ ಒಂದು ವಿಕ್ಟೋರಿಯಾ ಕ್ರಾಸಿಗೆ ಲಕ್ಷ ಪೌಂಡು ದಾಟುವುದು ಹೊಸದೇನಲ್ಲ. ಇವರಿಗೂ ದೊಡ್ಡ ಮೊತ್ತ ಹೇಳಿದ್ದರು. ಇವರು ಕೊಡಲಿಲ್ಲ. ಮಾರಿದರೆ ಜೊತೆಯಲ್ಲಿದ್ದು ಸತ್ತವರಿಗೆ ಕಳಂಕ ಎಂಬುದು ಅವರ ಕಾರಣ. ಆ ಕೊನೆಯ ದಾಳಿಯ ಹೊತ್ತಿಗೆ ತಂಡದಲ್ಲಿ ಎಷ್ಟು ಮಂದಿ ನಿಂತಿದ್ದರು ಎಂಬುದನ್ನು ನೆನೆದರೆ ಇದು ಭಾಷಣದ ಮಾತಲ್ಲವೆಂದು ತಿಳಿಯುತ್ತದೆ.

ಹಾಗೆಂದು ಹಣದ ಮಾತೇ ಆಡಬಾರದೆಂದು ಅವರು ತಿಳಿದಿರಲಿಲ್ಲ. ನಮಗೆ ಅವರ ಬದುಕಿನಲ್ಲಿ ಬಹಳ ಇಷ್ಟವಾದ ಘಟನೆ ಇದೇ. 1995ರಲ್ಲಿ ಯುದ್ಧ ಮುಗಿದ 50ನೇ ವರ್ಷದ ಸಮಾರಂಭಕ್ಕೆ ಲಂಡನ್ನಿಗೆ ಹೋದರು. ಗಣ್ಯರ ಡೇರೆಯ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದವರಿಗೆ ಇವರ ಹೆಸರು ಸಿಗಲಿಲ್ಲ. ಒಳಗೆ ಬಿಡುವುದಿಲ್ಲವೆಂದು ತಡೆದರು. ಅಷ್ಟರಲ್ಲಿ ಸಮಾರಂಭದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಬ್ರಿಗೇಡಿಯರ್ ಒಬ್ಬರ ಕಣ್ಣಿಗೆ ಎದೆಯ ಮೇಲಿನ ಕೆಂಪು ರಿಬ್ಬನ್ನಿನ ಪದಕ ಬಿತ್ತು. ಒಳಗೆ ಹೋದರು. ಒಳಗೆ ಪ್ರಧಾನಿ ಜಾನ್ ಮೇಜರ್ ಇದ್ದರು. ಎಪ್ಪತ್ತೈದರ ಈ ಅಜ್ಜ ಕೈಕುಲುಕಿ ಫೋಟೋ ತೆಗೆಸಿಕೊಂಡು ಬರಲಿಲ್ಲ. ವಿಕ್ಟೋರಿಯಾ ಕ್ರಾಸಿನವರಿಗೆ ಬರುತ್ತಿದ್ದ ಭತ್ಯೆ ವರ್ಷಕ್ಕೆ 168 ಪೌಂಡು ಮಾತ್ರ, ಅದು ಸಾಲದು ಎಂದು ನೇರವಾಗಿ ಹೇಳಿದರು. 168 ಪೌಂಡೆಂದರೆ ಆಗಿನ ದರದಲ್ಲಿ ತಿಂಗಳಿಗೆ ಏಳುನೂರು ರೂಪಾಯಿ ಆಸುಪಾಸು.

ಅದೇ ವರ್ಷ ಭತ್ಯೆ 1,300 ಪೌಂಡಿಗೆ ಏರಿತು. ಇವರೊಬ್ಬರಿಗಲ್ಲ, ಬದುಕಿದ್ದ ಉಳಿದವರಿಗೂ.

ಮಾಜಿ ಸೈನಿಕರ ಮನೆಗಳಲ್ಲಿ ನಾವು ಕಂಡಂತೆ ಪಿಂಚಣಿಯ ಮಾತು ಕ್ಯಾಮರಾ ಮುಚ್ಚಿದ ಮೇಲೆ ಬರುತ್ತದೆ, ಅದೂ ಹೆಂಡತಿಯ ಬಾಯಲ್ಲಿ, ಅಡುಗೆಮನೆಯ ಬಾಗಿಲಿಂದ. ಯಜಮಾನರು ‘ಸುಮ್ಮನಿರೇ’ ಎನ್ನುತ್ತಾರೆ. ನಾವೂ ಅದನ್ನು ಬರೆಯುವುದಿಲ್ಲ. ಸ್ವಾತಂತ್ರ್ಯ ದಿನದ ಪುಟಕ್ಕೆ ಅದು ಹೊಂದುವುದಿಲ್ಲವಂತೆ. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಕಾಗದ ತೋರಿಸಲು ಬ್ಯಾಂಕಿನ ಮೆಟ್ಟಿಲು ಹತ್ತುವ ಮುದುಕರಲ್ಲಿ ಯಾರು ಯಾವ ಯುದ್ಧಕ್ಕೆ ಹೋಗಿದ್ದರು ಎಂದು ನಾವು ಒಮ್ಮೆಯೂ ನಿಂತು ಕೇಳಿಲ್ಲ.

ಉಮ್ರಾವ್ ಸಿಂಗ್ 2005ರ ನವೆಂಬರ್ 21ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರು. ಭಾರತದಲ್ಲಿ ಉಳಿದಿದ್ದ ಕೊನೆಯ ವಿಕ್ಟೋರಿಯಾ ಕ್ರಾಸಿನವರು ಅವರೇ. ಪಲ್ರಾದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಭೂಸೇನೆಯ ಮುಖ್ಯಸ್ಥ ಜನರಲ್ ಜೆ.ಜೆ. ಸಿಂಗ್, ಮುಖ್ಯಮಂತ್ರಿ ಭೂಪಿಂದರ್ ಸಿಂಗ್ ಹೂಡಾ ಆ ಹಳ್ಳಿಗೆ ಬಂದಿದ್ದರು.

ಈ ವರ್ಷವೂ ಡೆಸ್ಕಿನ ಫೋನು ಬಂತು. ನಮ್ಮ ಪಟ್ಟಿಯಲ್ಲಿ ಉಳಿದಿರುವ ಇನ್ನೊಬ್ಬ ಹಿರಿಯರ ಮನೆಗೆ ಹೋದೆವು. ಅವರು ಕೋಟು ಹಾಕಿಕೊಂಡು ಸಿದ್ಧವಾಗಿಯೇ ಕೂತಿದ್ದರು. ಮೊದಲು ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಕೇಳಿ ಒಳಗಿದ್ದ ಅಜ್ಜಿಯನ್ನು ಹೊರಗೆ ಕರೆದೆವು. ಹೆಸರು ಕೇಳಿ ಬರೆದುಕೊಂಡೆವು. ಪಿಂಚಣಿಯ ಪಾಸ್‌ಬುಕ್ ಕೇಳಿದಾಗ ಯಜಮಾನರು ನಮ್ಮ ಮುಖ ನೋಡಿದರು. ‘ಯುದ್ಧದ್ದು ಬ್ಯಾಡೇನು?’ ಎಂದರು. ಅದೂ ಬೇಕು ಎಂದೆವು, ಸಂಜೆವರೆಗೆ ಇರುತ್ತೇವೆ.