ಕೆನೆತ್ ಹಾನ್: ಒಂದೇ ಕುರ್ಚಿ, ನಲವತ್ತು ವರ್ಷ

ಲಾಸ್ ಏಂಜಲೀಸ್ ಕೌಂಟಿಯ ಆಸ್ಪತ್ರೆ, ಜೈಲು, ಬಡವರ ನೆರವು ಎಲ್ಲದರ ಮೇಲೂ ಅಧಿಕಾರವಿರುವುದು ಐದೇ ಜನ ಸೂಪರ್‌ವೈಸರುಗಳಿಗೆ. 1952ರಿಂದ 1992ರವರೆಗೆ ಆ ಐವರಲ್ಲೊಬ್ಬರು ಕೆನೆತ್ ಹಾನ್. ಬಿಳಿಯರಾದ ಅವರ ಬಲವೆಲ್ಲ ಕ್ಷೇತ್ರದ ಕಪ್ಪು ಮತದಾರರು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಂದಾಗ ವಿಮಾನ ನಿಲ್ದಾಣಕ್ಕೆ ಹೋಗಿ ಎದುರುಗೊಂಡವರು ಹಾನ್. ಹೆದ್ದಾರಿ ಬದಿಯ ತುರ್ತು ಫೋನು, ಪ್ಯಾರಾಮೆಡಿಕ್ ಸೇವೆ ಇವೂ ಅವರು ಹಟ ಹಿಡಿದು ಮಾಡಿಸಿದವೇ.

ಆದರೆ ಅವರನ್ನು ಅಳೆಯಬೇಕಾದದ್ದು ಒಂದು ಆಸ್ಪತ್ರೆಯಿಂದ. 1965ರ ವಾಟ್ಸ್ ದಂಗೆಯಲ್ಲಿ 34 ಜನ ಸತ್ತರು. ಆ ಭಾಗದವರಿಗೆ ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆಯೇ ಇರಲಿಲ್ಲ. ಕಟ್ಟಲು ಸಾಲ ಎತ್ತಬೇಕೆಂದರೆ ಮೂರರಲ್ಲಿ ಎರಡು ಪಾಲು ಮತ ಬೇಕು. ಜನ ಅಷ್ಟು ಕೊಡಲಿಲ್ಲ. ಬೇರೆ ದಾರಿಯಲ್ಲಿ ಹಣ ಹೊಂದಿಸಿ, 1972ರಲ್ಲಿ ಕಿಂಗ್ ಹೆಸರಿನ ಆಸ್ಪತ್ರೆ ತೆರೆಯಿತು.

1987ರಲ್ಲಿ ಪಾರ್ಶ್ವವಾಯು ಬಡಿದರೂ ಹಾನ್ ಕುರ್ಚಿ ಬಿಡಲಿಲ್ಲ, ಮರುವರ್ಷ ಗಾಲಿಕುರ್ಚಿಯಲ್ಲೇ ಗೆದ್ದರು. ಇದು ನಿಷ್ಠೆಯೋ, ಅಂಟೋ? ಎರಡೂ ಇರಬಹುದು. ಅವರು ಇಳಿದ ಮೇಲಷ್ಟೇ ಆ ಸ್ಥಾನಕ್ಕೆ ಕಪ್ಪು ಪ್ರತಿನಿಧಿ ಈವಾನ್ ಬರ್ಕ್ ಆರಿಸಿ ಬಂದರು. ಹಾನ್ ತೀರಿಕೊಂಡದ್ದು 1997ರಲ್ಲಿ. ಚಿಕಿತ್ಸೆಯ ಲೋಪಗಳಿಂದ ಕುಖ್ಯಾತವಾದ ಆ ಆಸ್ಪತ್ರೆ 2007ರಲ್ಲಿ ಬಾಗಿಲು ಹಾಕಿತು. ಮತ್ತೆ ತೆರೆಯಲು ಎಂಟು ವರ್ಷ ಹಿಡಿಯಿತು.